ಉದುರೆಲೆಯ ಬಣ್ಣ, ಬೆರಳಿನ ಹಿಡಿತ

ಉತ್ತರ ಅಮೆರಿಕದ ಶರತ್ಕಾಲದಲ್ಲಿ ಉದುರುವ ಮೇಪಲ್, ಓಕ್ ಎಲೆಗಳು 3ರಿಂದ 5 ವರ್ಷದ ಮಕ್ಕಳ ಬೆರಳುಗಳಿಗೆ ಒಳ್ಳೆಯ ಕೆಲಸ ಕೊಡುತ್ತವೆ. ಕುಂಚವನ್ನು ಮುಷ್ಟಿಯಲ್ಲಿ ಹಿಡಿಯುವ ಮಗು ಈ ವಯಸ್ಸಿನಲ್ಲಿ ನಿಧಾನವಾಗಿ ಮೂರು ಬೆರಳುಗಳ ಹಿಡಿತಕ್ಕೆ ಬರುತ್ತದೆ, ಅವಸರಪಡಿಸಬೇಕಿಲ್ಲ.

ಎಲೆಯಚ್ಚು ಎಲ್ಲಕ್ಕಿಂತ ಫಲಕಾರಿ. ಆಗಷ್ಟೇ ಉದುರಿದ, ಇನ್ನೂ ಮೆತ್ತಗಿರುವ ಎಲೆಯೇ ಆಗಬೇಕು; ಒಣಗಿದ್ದು ಪುಡಿಯಾಗುತ್ತದೆ. ನರಗಳು ಉಬ್ಬಿರುವ ಹಿಂಬದಿಗೆ ತೆಳುವಾಗಿ ಪೋಸ್ಟರ್ ಬಣ್ಣ ಹಚ್ಚಿ ಕಾಗದದ ಮೇಲೆ ಕವುಚಬೇಕು. ಒಂದು ಕೈ ಎಲೆ ಅಲುಗದಂತೆ ಹಿಡಿದಿರುವಾಗ ಇನ್ನೊಂದು ಕೈಯ ಬೆರಳ ತುದಿಗಳು ತೊಟ್ಟಿನಿಂದ ಅಂಚಿನವರೆಗೆ ಒತ್ತುತ್ತಾ ಹೋಗುತ್ತವೆ. ಕೊನೆಗೆ ತೊಟ್ಟನ್ನು ಚಿವುಟಿ ಹಿಡಿದು ಎತ್ತುವುದು. ಎರಡು ಕೈಗಳೂ ಬೇರೆ ಬೇರೆ ಕೆಲಸ ಮಾಡುವುದೇ ಇಲ್ಲಿನ ನಿಜವಾದ ಲಾಭ. ಕತ್ತರಿ ಬಳಸಲು, ಅಂಗಿಯ ಗುಂಡಿ ಹಾಕಲು ಬೇಕಾಗುವುದೂ ಅದೇ.

ಬೋಳು ಮರದ ಚಿತ್ರಕ್ಕೆ ಹತ್ತಿಕಡ್ಡಿಯಿಂದ ಕೆಂಪು, ಹಳದಿ ಚುಕ್ಕೆ ಇಡಿಸಬಹುದು. ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿಕೊಟ್ಟರೆ ಮುಷ್ಟಿಗೆ ಜಾಗವಿರುವುದಿಲ್ಲ, ಬೆರಳುಗಳೇ ಹಿಡಿಯಬೇಕಾಗುತ್ತದೆ. ಕಾಗದವನ್ನು ಗೋಡೆಗೆ ಅಂಟಿಸಿದರೆ ಮಣಿಕಟ್ಟಿಗೂ ಬಲ ಬರುತ್ತದೆ.

ಎಲೆ ಆಯುವಾಗ ದೊಡ್ಡವರು ಜೊತೆಗಿರಲೇಬೇಕು: ಮೂರು ಎಲೆಗಳ ಗೊಂಚಲಿನ ಪಾಯಿಸನ್ ಐವಿ ಕೂಡ ಆ ಕಾಲಕ್ಕೆ ಚೆಂದವಾಗಿ ಕೆಂಪಾಗುತ್ತದೆ, ಮುಟ್ಟಿದರೆ ಚರ್ಮದಲ್ಲಿ ತುರಿಕೆ, ಗುಳ್ಳೆ ಏಳುತ್ತವೆ. ಓಕ್ ಕಾಯಿಗಳನ್ನು ಬಣ್ಣದಲ್ಲಿ ಉರುಳಿಸುವ ಆಟ 3 ವರ್ಷ ತುಂಬದವರಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.