ಎರಡು ಹೋಳಿನ ಕೀಬೋರ್ಡಿನಲ್ಲಿ ಕನ್ನಡ ಟೈಪಿಂಗ್: ಬೆರಳುಗಳಿಗೆ ಮೊದಲ ಪಾಠ

ಮಣಿಕಟ್ಟು ನೋಯುತ್ತದೆ ಎಂದು ಎರ್ಗಾನಾಮಿಕ್ ಕೀಬೋರ್ಡ್ ಕೊಂಡವರಲ್ಲಿ ಕೆಲವರು ವಾರದೊಳಗೇ ಅದನ್ನು ಡಬ್ಬಕ್ಕೆ ಹಾಕಿ ಹಳೆಯದಕ್ಕೆ ಮರಳುತ್ತಾರೆ. ಸಾದಾ ಕೀಬೋರ್ಡಿನಲ್ಲಿ ನಾಲ್ಕೈದು ಬೆರಳಲ್ಲೇ ಹೇಗೋ ಓಡುತ್ತಿದ್ದ ಕೈ, ನಡುವೆ ಸಂದು ಬಂದ ಕೂಡಲೇ ತಡವರಿಸುತ್ತದೆ. ಮೈಕ್ರೋಸಾಫ್ಟ್ 1994ರಲ್ಲಿ ತನ್ನ ನ್ಯಾಚುರಲ್ ಕೀಬೋರ್ಡ್ ತಂದಿತಲ್ಲ, ಆ ಬಗೆಯ ಕೀಬೋರ್ಡುಗಳ ಉದ್ದೇಶ ಇಷ್ಟೇ: ಮಣಿಕಟ್ಟು ಹೊರಕ್ಕೆ ಸೊಟ್ಟಗಾಗದೆ ಮುಂಗೈಯ ನೇರಕ್ಕಿರಬೇಕು. ಬೆರಳಿನ ಅಭ್ಯಾಸವನ್ನು ಅದು ತಿದ್ದುವುದಿಲ್ಲ, ನಾವೇ ತಿದ್ದಿಕೊಳ್ಳಬೇಕು. ಇಲ್ಲಿನ ಪಾಠ ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸಕ್ಕೆ.

ಹಂತ 1: ಕೂರುವುದು
ಮೊಣಕೈ ಪಕ್ಕೆಯ ಹತ್ತಿರ, ಭುಜ ಸಡಿಲ. ಕೀಬೋರ್ಡಿನ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ; ಅವು ಎದ್ದಿದ್ದರೆ ಮಣಿಕಟ್ಟು ಮೇಲಕ್ಕೆ ಮುರಿದಂತಿರುತ್ತದೆ. ಮುಂದಿನ ಮೆತ್ತೆ ಟೈಪಿಸುವಾಗ ಊರಲು ಅಲ್ಲ, ನಡುವೆ ಕೈಗೆ ವಿರಾಮ ಕೊಡಲು.

ಹಂತ 2: ನಡುಸಾಲು
ಎಡಗೈಯ ಕಿರುಬೆರಳಿನಿಂದ ಶುರುವಾಗಿ ಎ, ಎಸ್, ಡಿ, ಎಫ್. ಬಲಗೈಯ ತೋರುಬೆರಳಿನಿಂದ ಜೆ, ಕೆ, ಎಲ್, ಸೆಮಿಕೋಲನ್. ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಕಣ್ಣು ಮುಚ್ಚಿ ಅದನ್ನು ತಡಕಿ ಹುಡುಕಿ, ಕೈ ಎತ್ತಿ, ಮತ್ತೆ ಹುಡುಕಿ. ಖಾಲಿ ಜಾಗಕ್ಕೆ ಹೆಬ್ಬೆರಳು.

ಕನ್ನಡದವರಿಗೆ ಇಲ್ಲೊಂದು ಅದೃಷ್ಟವಿದೆ. ಈ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿ ಎಫ್. ಎಡ ತೋರುಬೆರಳು ಕೂತಿರುವುದೇ ಅದರ ಮೇಲೆ. 'ಅಕ್ಕ' ಎಂದರೆ ಎ, ಕೆ, ಎಫ್, ಕೆ. 'ಅಜ್ಜ' ಎಂದರೆ ಎ, ಜೆ, ಎಫ್, ಜೆ. ಬೆರಳು ಸಾಲು ಬಿಟ್ಟು ಕದಲಬೇಕಿಲ್ಲ. ಈ ಎರಡು ಪದಗಳನ್ನು ಬೇಸರ ಬರುವಷ್ಟು ಹೊಡೆಯಿರಿ. ಆಮೇಲೆ 'ಹಗ್ಗ': ಎಚ್ ಬಲ ತೋರುಬೆರಳಿಗೆ, ಜಿ ಎಡ ತೋರುಬೆರಳಿಗೆ.

ಹಂತ 3: ಸಂದಿನ ಆಚೀಚೆ
ಹೆಚ್ಚಿನವರು ಎಡವುವುದು ಇಲ್ಲೇ. ಬಿ ಎಡ ಹೋಳಿನಲ್ಲಿರುತ್ತದೆ, ವೈ ಬಲ ಹೋಳಿನಲ್ಲಿ. ಬಿ ಕೀಲಿಯನ್ನು ಬಲಗೈಯಿಂದ ಒತ್ತಿ ರೂಢಿಯಾದವರ ಬೆರಳು ಈಗ ಬರಿ ಸಂದಿಗೆ ಬೀಳುತ್ತದೆ. ಅದಕ್ಕೆ ಒಳ್ಳೆಯ ಮದ್ದು 'ಬಯಲು': ಬಿ ಎಡ ತೋರುಬೆರಳು, ವೈ ಬಲ ತೋರುಬೆರಳು, ಎಲ್ ಬಲ ಉಂಗುರಬೆರಳು, ಯು ಮತ್ತೆ ಬಲ ತೋರುಬೆರಳು. ಪ್ರತಿ ಸಲವೂ ಬೆರಳು ಎಫ್, ಜೆ ಮೇಲಕ್ಕೆ ಮರಳಲಿ. ಅಂಕಿ 6 ಕೆಲವು ಕೀಬೋರ್ಡುಗಳಲ್ಲಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ. ನಿಮ್ಮದರಲ್ಲಿ ಎಲ್ಲಿದೆ ನೋಡಿಕೊಳ್ಳಿ.

ಹಂತ 4: ಶಿಫ್ಟ್
ಇಂಗ್ಲಿಷಿನಲ್ಲಿ ಶಿಫ್ಟ್ ಅಪರೂಪದ ನೆಂಟ. ನಮಗೆ ಹಾಗಲ್ಲ, ದೀರ್ಘ, ಮಹಾಪ್ರಾಣ, ಳ, ಣ, ಶ ಎಲ್ಲಕ್ಕೂ ಬೇಕು. ಅಕ್ಷರ ಒಂದು ಕೈಯದಾದರೆ ಶಿಫ್ಟ್ ಇನ್ನೊಂದು ಕೈಯ ಕಿರುಬೆರಳಿನದು. 'ಕಾಗದ'ದ ದೀರ್ಘಕ್ಕೆ ಎ ಒತ್ತುವುದು ಎಡಗೈ, ಆದ್ದರಿಂದ ಬಲ ಶಿಫ್ಟ್. 'ಹಳ್ಳ'ದ ಳಕಾರಕ್ಕೆ ಎಡ ಶಿಫ್ಟ್, ಆದರೆ ನಡುವೆ ಎಫ್ ಒತ್ತುವಾಗ ಶಿಫ್ಟ್ ಬಿಟ್ಟು, ಎರಡನೆಯ ಳಕಾರಕ್ಕೆ ಮತ್ತೆ ಹಿಡಿಯಬೇಕು. ಒಂದೇ ಕೈಯಲ್ಲಿ ಎರಡನ್ನೂ ಒತ್ತಲು ಹೋದರೆ ಮಣಿಕಟ್ಟು ತಿರುಚುತ್ತದೆ, ಕೀಬೋರ್ಡಿಗೆ ಕೊಟ್ಟ ದುಡ್ಡು ದಂಡ.

ಹಂತ 5: ದಿನಚರಿ
ದಿನಕ್ಕೆ ಎರಡು ಸಲ, ಹದಿನೈದು ನಿಮಿಷದಂತೆ ಸಾಕು. ವೇಗ ಅಳೆಯಬೇಡಿ, ಕೀಲಿ ನೋಡಬೇಡಿ. ತುರ್ತು ಕೆಲಸಕ್ಕೆ ಮೊದಮೊದಲು ಹಳೆಯ ಕೀಬೋರ್ಡೇ ಇರಲಿ ಎಂಬುದು ನನ್ನ ಸಲಹೆ. ಅವಸರದಲ್ಲಿ ಹಳೆಯ ಚಾಳಿ ನುಸುಳುತ್ತದೆ. ಬೆರಳು ಜೋಮು ಹಿಡಿದರೆ, ನೋವು ರಾತ್ರಿಗೂ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪಾಸ್‌ವರ್ಡ್ ಮಾತ್ರ ಕೆಲವು ದಿನ ನೋಡಿಯೇ ಹೊಡೆಯಿರಿ. ಅದನ್ನು ನೆನಪಿಟ್ಟಿರುವುದು ತಲೆಯಲ್ಲ, ಹಳೆಯ ಕೀಬೋರ್ಡಿನ ಮೇಲೆ ಪಳಗಿದ ಬೆರಳು. ಮೇಲಿಂದ ಮೇಲೆ ತಪ್ಪಿದರೆ ಬ್ಯಾಂಕಿನ ಖಾತೆ ಲಾಕ್ ಆಗಿ ಕೂರುತ್ತದೆ.