ಯಾರೂ ನೀರು ಹಾಕದ ತೋಟ

ಜೂನ್ ತಿಂಗಳ ಎರಡನೆಯ ವಾರ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ. ನಾನು ಗೇಟಿನ ಬೀಗ ತೆಗೆದು ಒಳಗೆ ಬಂದೆ. ನನ್ನ ಹಿಂದೆಯೇ ಮಕ್ಕಳು ಓಡಿ ಬಂದರು. ಬಂದವರು ತೋಟದ ಹತ್ತಿರ ನಿಂತುಬಿಟ್ಟರು. ಅಲ್ಲಿ ಮೂವತ್ತು ಒಣ ಕಡ್ಡಿಗಳಿದ್ದವು. ಗುಲಾಬಿ ಯಾವುದು, ಸೇವಂತಿಗೆ ಯಾವುದು, ದಾಸವಾಳ ಯಾವುದು ಎಂದು ಗುರುತು ಹಿಡಿಯುವುದೂ ಕಷ್ಟವಾಗಿತ್ತು. ಮುಟ್ಟಿದರೆ ಪಟ್ ಎಂದು ಮುರಿಯುತ್ತಿದ್ದವು.

ಆ ಶಾಲೆ ಆದೋನಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಆ ಗಿಡಗಳನ್ನು ಆರಿಸಿದವನು ನಾನೇ. ಹಿಂದಿನ ವರ್ಷ ನಾನು ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ತೋಟವನ್ನು ನೋಡಿ ಬೆರಗಾದೆ. ನಮ್ಮ ಶಾಲೆಯಲ್ಲಿಯೂ ಅಂತಹ ಹೂಗಳಿರಲಿ ಎಂದು ಆಸೆಪಟ್ಟು ಸಸಿಗಳನ್ನು ಕೊಂಡು ತಂದೆ. ಮಕ್ಕಳು ದಿನಕ್ಕೆ ಆರು ಕೊಡ ನೀರನ್ನು ಬೋರಿಂಗಿನಿಂದ ಹೊತ್ತು ತಂದು ಹಾಕಿದರು. ಗಿಡಗಳು ಚೆನ್ನಾಗಿಯೇ ಬೆಳೆದವು. ಆದರೆ ಏಪ್ರಿಲ್ ಕೊನೆಯಲ್ಲಿ ಶಾಲೆಗೆ ಬೀಗ ಬಿತ್ತು. ಸುಮಾರು ಐವತ್ತು ದಿನ ಯಾರೂ ಅತ್ತ ಸುಳಿಯಲಿಲ್ಲ.

ಬೆಂಗಳೂರಿನ ಗಿಡ ನಮ್ಮಲ್ಲಿ ಏಕೆ ಬಾಳಲಿಲ್ಲ? ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಮಲೆನಾಡಿನ ಆಗುಂಬೆಯಲ್ಲಿ 7,000 ಮಿಲಿಮೀಟರನ್ನೂ ಮೀರುತ್ತದೆ. ನಮ್ಮ ಆದೋನಿಯ ಕಡೆ ಸುಮಾರು 600 ಮಿಲಿಮೀಟರ್ ಮಾತ್ರ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟಗಳಲ್ಲಿಯೇ ಬಹಳಷ್ಟು ನೀರನ್ನು ಸುರಿಸಿ ಹಗುರಾಗಿ ನಮ್ಮ ಕಡೆ ಬರುತ್ತವೆ. ಬಂಗಾಳ ಕೊಲ್ಲಿಯೋ ನಮಗೆ ದೂರ. ಅಷ್ಟು ಕಡಿಮೆ ಮಳೆಯೂ ಒಂದೇ ಸಮನೆ ಬೀಳುವುದಿಲ್ಲ. ನಾಲ್ಕು ದಿನ ಸುರಿದು ಒಂದು ತಿಂಗಳು ಮುಖ ತೋರಿಸದೆ ಹೋಗುವುದೂ ಉಂಟು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಒಣಗಿದ ಗಿಡಗಳನ್ನು ಕಿತ್ತು ಹಾಕುವಾಗ ಯಾರೂ ಮಾತನಾಡಲಿಲ್ಲ. ಕೊನೆಗೆ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು:

"ಸಾರ್, ಗುಡ್ಡದ ಮೇಲೆ ಗಿಡ ಇದಾವಲ್ಲ, ಅವಕ್ಕೆ ಯಾರು ನೀರು ಹಾಕ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ನಾವೆಲ್ಲರೂ ಊರ ಹಿಂದಿನ ಗುಡ್ಡಕ್ಕೆ ಹೊರಟೆವು.

ಆದೋನಿಯ ಕೋಟೆ ಬೆಟ್ಟವನ್ನು ನೀವು ನೋಡಿರಬಹುದು. ಬರೀ ಗುಂಡು ಬಂಡೆಗಳು. ನಮ್ಮೂರ ಗುಡ್ಡವೂ ಹಾಗೆಯೇ. ಇನ್ನೂ ಮಳೆ ಬಂದಿರಲಿಲ್ಲ. ಆದರೂ ಬಂಡೆಗಳ ಸಂದಿಯಲ್ಲಿ ಹಸಿರು ಕಾಣುತ್ತಿತ್ತು. ಯಾರೂ ನೀರು ಹಾಕದಿದ್ದರೂ ಹಸಿರಾಗಿರುವ ಗಿಡಗಳ ಹೆಸರನ್ನು ಮಾತ್ರ ಬರೆಯಬೇಕೆಂದು ಹೇಳಿದೆ. ಸೀತಾಫಲ ಆಗ ತಾನೆ ಹೊಸ ಎಲೆ ಬಿಟ್ಟಿತ್ತು. ಹಳದಿ ಹೂವಿನ ತಂಗಡಿ ಎಲ್ಲೆಲ್ಲೂ ಇತ್ತು. ಇದನ್ನು ಆವರಿಕೆ ಎಂದೂ, ತೆಲುಗಿನಲ್ಲಿ ತಂಗೇಡು ಎಂದೂ ಕರೆಯುತ್ತಾರೆ. ಬಾರೆ ಗಿಡ, ಎಕ್ಕ, ಕಳ್ಳಿ, ಲೋಳೆಸರ ಸಿಕ್ಕವು. ಇಳಿದು ಬರುವಾಗ ಹೊಲದ ಬದುವಿನಲ್ಲಿ ಬೇವು, ಹೊಂಗೆ, ಹುಣಸೆ, ಬನ್ನಿ ಇದ್ದವು. ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿತ್ತು. ಮರಗಳ ಹೆಸರನ್ನು ನನಗಿಂತ ಹೆಚ್ಚಾಗಿ ಕುರಿ ಕಾಯುವ ಮನೆಯ ಮಕ್ಕಳೇ ಹೇಳಿದರು.

ಶಾಲೆಗೆ ಬಂದು ಒಂದು ಪರೀಕ್ಷೆ ಮಾಡಿದೆವು. ಒಂದು ದಾಸವಾಳದ ಎಲೆ, ಒಂದು ತುಂಡು ಲೋಳೆಸರ ಇವೆರಡನ್ನೂ ಬಿಸಿಲಿನಲ್ಲಿ ಕಲ್ಲಿನ ಮೇಲೆ ಇಟ್ಟೆವು. ಊಟದ ಗಂಟೆ ಹೊಡೆಯುವ ಮೊದಲೇ ದಾಸವಾಳದ ಎಲೆ ಬಾಡಿ ಮುದುಡಿತು. ಲೋಳೆಸರ ಮಾತ್ರ ಮೂರು ದಿನವಾದರೂ ಒಳಗೆ ತೇವವನ್ನು ಹಿಡಿದಿಟ್ಟುಕೊಂಡಿತ್ತು. ಅದರ ದಪ್ಪ ಎಲೆಯೇ ನೀರಿನ ಚೀಲ. ಮೇಲೆ ಮೇಣದಂತಹ ಪದರವಿದೆ.

ಎಲ್ಲ ಗಿಡಗಳ ಎಲೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಗಿಡ ಇವುಗಳ ಮೂಲಕವೇ ಗಾಳಿಯನ್ನು ತೆಗೆದುಕೊಳ್ಳುತ್ತದೆ. ರಂಧ್ರ ತೆರೆದಾಗ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಲೋಳೆಸರ, ಕಳ್ಳಿಯಂತಹ ಗಿಡಗಳು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ನಾವು ಬಿಸಿಲಿನಲ್ಲಿ ಬಾಗಿಲು ಹಾಕಿಕೊಂಡು ಸಂಜೆ ತೆಗೆಯುವುದಿಲ್ಲವೇ, ಹಾಗೆ. ಬನ್ನಿಯ ಉಪಾಯ ಬೇರೆ. ಅದರ ಎಲೆ ಬಹಳ ಚಿಕ್ಕದು, ಬೇರು ಬಹಳ ಆಳ. ಸೀತಾಫಲದ ಉಪಾಯ ಇನ್ನೂ ಬೇರೆ. ಬಿಸಿಲು ಏರಿದಾಗ ಅದು ತನ್ನ ಎಲೆಗಳನ್ನೇ ಉದುರಿಸಿಬಿಡುತ್ತದೆ. ಎಲೆ ಇಲ್ಲದಿದ್ದರೆ ನೀರು ಹೋಗುವ ದಾರಿಯೂ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಟ್ಟಿ ಸಿದ್ಧವಾಯಿತು. ಬರ ತಾಳುವ ಗಿಡಗಳನ್ನೆಲ್ಲ ತಂದು ನೆಟ್ಟುಬಿಡಬಹುದೇ? ಎಕ್ಕವನ್ನೂ ಕಳ್ಳಿಯನ್ನೂ ಮೊದಲು ಹೊಡೆದು ಹಾಕಿದೆವು. ಅವುಗಳ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕಣಗಿಲೆಯನ್ನು ಒಬ್ಬ ಹುಡುಗ ಸೂಚಿಸಿದ. ಅದು ಹೂ ಬಿಡುತ್ತದೆ, ನೀರು ಕೇಳುವುದಿಲ್ಲ, ಮೇಕೆಯೂ ತಿನ್ನುವುದಿಲ್ಲ. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವುದನ್ನು ನೀವು ನೋಡಿರುತ್ತೀರಿ. ಆದರೆ ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಒಂದನೆಯ ತರಗತಿಯ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಹಾಗಾಗಿ ಬೇಡವೆಂದೆವು.

ಬಳ್ಳಾರಿ ಜಾಲಿಯ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. "ಅದಕ್ಕಿಂತ ಗಟ್ಟಿ ಗಿಡ ಯಾವುದೈತೆ ಸಾರ್?" ಎಂದರು ದೊಡ್ಡ ಹುಡುಗರು. ಗಟ್ಟಿ ಎನ್ನುವುದು ನಿಜ. ಹೆಸರು ಬಳ್ಳಾರಿಯದಾದರೂ ಅದು ಬಳ್ಳಾರಿಯದಲ್ಲ. (ಬಳ್ಳಾರಿ ನಮಗೆ ಪರ ಊರೂ ಅಲ್ಲ, 1953ರವರೆಗೆ ಆದೋನಿ, ಆಲೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು.) ಈ ಗಿಡದ ತವರು ಸಮುದ್ರದಾಚೆಯ ಅಮೆರಿಕಾ ಖಂಡ. 1870ರ ದಶಕದಲ್ಲಿ ಅದರ ಬೀಜವನ್ನು ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಒಣ ನೆಲಕ್ಕೆ ಹಸಿರು ಬರಲಿ, ಸೌದೆ ಸಿಗಲಿ ಎಂಬುದು ಉದ್ದೇಶ. ಸೌದೆಯೇನೋ ಸಿಕ್ಕಿತು, ಇಂದಿಗೂ ಎಷ್ಟೋ ಒಲೆಗಳು ಅದರಿಂದಲೇ ಉರಿಯುತ್ತವೆ. ಆದರೆ ಅದರ ಸಿಹಿ ಕಾಯಿಯನ್ನು ದನ, ಮೇಕೆಗಳು ತಿಂದು ಹೋದಲ್ಲೆಲ್ಲ ಸಗಣಿ, ಹಿಕ್ಕೆಗಳ ಜೊತೆ ಬೀಜ ಬಿದ್ದು ಮೊಳೆಯುತ್ತದೆ. ಹಳ್ಳ, ಕೆರೆ, ಬೀಳು ಹೊಲ ಎಲ್ಲವನ್ನೂ ಆಕ್ರಮಿಸುತ್ತದೆ. ಅದರ ನೆರಳಿನಲ್ಲಿ ಬೇರೆ ಗಿಡ ಏಳುವುದು ಅಪರೂಪ. ತಾನು ಬದುಕುವ ಗಿಡ ಬೇಕು, ಆದರೆ ಪಕ್ಕದವರನ್ನೂ ಬದುಕಗೊಡುವ ಗಿಡ ಬೇಕು ಎಂದು ನಾನು ಹೇಳಿದೆ. ಹುಡುಗರು ಅರೆಮನಸ್ಸಿನಿಂದ ಒಪ್ಪಿದರು.

ಕೊನೆಗೆ ಹದಿನೆಂಟು ಸಸಿಗಳು ಎಂದು ತೀರ್ಮಾನವಾಯಿತು. ನಾಲ್ಕು ಬೇವು. ಬೇವು ನಮ್ಮ ಆಂಧ್ರಪ್ರದೇಶದ ರಾಜ್ಯವೃಕ್ಷ. ಎರಡು ಹೊಂಗೆ, ನಾಲ್ಕು ಸೀತಾಫಲ, ನಾಲ್ಕು ತಂಗಡಿ, ಎರಡು ನುಗ್ಗೆ, ಒಂದು ಬನ್ನಿ. ಬಣ್ಣ ಬೇಕೇ ಬೇಕು ಎಂದು ಹುಡುಗಿಯರು ಹಟ ಹಿಡಿದದ್ದರಿಂದ ಗೋಡೆಯ ಪಕ್ಕದಲ್ಲಿ ಒಂದು ಕಾಗದದ ಹೂವಿನ ಬಳ್ಳಿ. ಅದು ಒಣ ನೆಲದಲ್ಲಿಯೇ ಹೆಚ್ಚು ಹೂ ಬಿಡುತ್ತದೆ. ನಾವು ಹೂ ಎನ್ನುವ ಬಣ್ಣದ ಭಾಗ ನಿಜವಾಗಿ ಎಲೆಯ ಜಾತಿಯದು. ನಿಜವಾದ ಹೂ ನಡುವೆ ಚಿಕ್ಕದಾಗಿ ಬಿಳಿಯಾಗಿರುತ್ತದೆ.

ಇದಲ್ಲದೆ ತಟ್ಟೆ ತೊಳೆಯುವ ಕಡೆ ಒಂದು ಕರಿಬೇವು, ಒಂದು ದಾಸವಾಳ ನೆಟ್ಟೆವು. ಮಧ್ಯಾಹ್ನ ಊಟವಾದ ಮೇಲೆ ಅಷ್ಟು ಮಕ್ಕಳು ಕೈ ತೊಳೆದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಬಾಯಾರಿಕೆ ಹೆಚ್ಚಿರುವ ಗಿಡಗಳು ಅಲ್ಲಿಯೇ ಇರಲಿ ಎಂಬುದು ನನ್ನ ಲೆಕ್ಕ.

ನೆಡುವ ಮೊದಲು ಮಣ್ಣನ್ನೂ ನೋಡಿದೆವು. ಶಾಲೆಯ ಮುಂದೆ ಕೆಂಪು ಮಸಾರಿ, ಹಿಂದೆ ಕಪ್ಪು ಎರೆ. ಎರೆ ಮಣ್ಣು ನೀರನ್ನು ಹಿಡಿದಿಡುತ್ತದೆ, ಆದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯಬಹುದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಮಸಾರಿಯಲ್ಲಿ ನೀರು ಬೇಗ ಇಂಗಿ ಹೋಗುತ್ತದೆ. ಸೀತಾಫಲಕ್ಕೆ ಮಸಾರಿಯೇ ಒಳ್ಳೆಯದು.

ಗುಂಡಿಗಳನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕಿತ್ತು. ನಾವು ತಡಮಾಡಿದ್ದೆವು. ಜುಲೈ ತಿಂಗಳಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ತಿಪ್ಪೆಗೊಬ್ಬರ ಹಾಕಿ ನೆಟ್ಟೆವು. ಎತ್ತರದ ಸಸಿ ಬೇಕೆಂದು ಎಲ್ಲರಿಗೂ ಆಸೆ. ಆದರೆ ಚೀಲದಲ್ಲಿಯೇ ಬಹಳ ದಿನ ಬೆಳೆದ ಸಸಿಯ ಬೇರು ಸುತ್ತಿಕೊಂಡಿರುತ್ತದೆ. ಮೊಣಕಾಲೆತ್ತರದ ಸಸಿಯೇ ಮೇಲು. ಪ್ರತಿ ಸಸಿಯ ಬುಡಕ್ಕೆ ಶೇಂಗಾ ಸಿಪ್ಪೆಯನ್ನು ದಪ್ಪವಾಗಿ ಹರಡಿದೆವು. ಅದು ಮಣ್ಣಿನ ತೇವ ಆರದಂತೆ ಹೊದಿಕೆಯಾಗುತ್ತದೆ. ನಮ್ಮೂರಿನಲ್ಲಿ ಅದಕ್ಕೆ ಬರವಿಲ್ಲ.

ಗುಡ್ಡದ ಗಿಡಕ್ಕೆ ನೀರೇ ಬೇಡವೆಂದು ನೀವು ತಿಳಿಯಬಾರದು. ಬಂಡೆಯ ಸಂದಿಯಲ್ಲಿ ಬಿದ್ದ ನೂರಾರು ಬೀಜಗಳಲ್ಲಿ ಒಂದೆರಡು ಮಾತ್ರ ಉಳಿಯುತ್ತವೆ. ನಾವು ನೋಡಿದ್ದು ಉಳಿದವುಗಳನ್ನು. ಬೇರು ಆಳಕ್ಕೆ ಇಳಿಯುವ ತನಕ, ಅಂದರೆ ಮೊದಲ ಒಂದೆರಡು ಬೇಸಿಗೆ, ಬೇವಿಗೂ ಕೈನೀರು ಬೇಕು. ಅದಕ್ಕಾಗಿ ಪ್ರತಿ ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತೆವು. ಅದರಲ್ಲಿ ಐದು ಲೀಟರ್ ನೀರು ತುಂಬಿ ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದೆವು. ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ಮಡಕೆಯ ಗೋಡೆಯಿಂದ ಮೆಲ್ಲಗೆ ಜಿನುಗುತ್ತದೆ. ಇದು ಹೊಸ ವಿದ್ಯೆಯಲ್ಲ. ಚೀನಾ ದೇಶದ ಎರಡು ಸಾವಿರ ವರ್ಷದ ಹಿಂದಿನ ಕೃಷಿ ಗ್ರಂಥವೊಂದರಲ್ಲಿಯೇ ಇದರ ವಿವರವಿದೆ. ಮೊದಲು ದಿನಕ್ಕೆ ಆರು ಕೊಡ ಹೊರುತ್ತಿದ್ದ ಮಕ್ಕಳು ಈಗ ವಾರಕ್ಕೆ ಆರು ಕೊಡ ಹೊತ್ತರು.

ಒಬ್ಬೊಬ್ಬರಿಗೆ ಒಂದೊಂದು ಸಸಿ. ಮೂರನೆಯ ತರಗತಿಯ ಒಬ್ಬ ಹುಡುಗ ಸೀತಾಫಲ ಆರಿಸಿಕೊಂಡಿದ್ದ. ಸಂಕ್ರಾಂತಿ ಕಳೆದ ಮೇಲೆ ಅವನ ಮನೆಯವರು ಸುಗ್ಗಿಗೆ ಹೊರಟರು. ನಮ್ಮ ಕಡೆ ಬೆಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತವೆ. ಹೋಗುವ ಮುನ್ನ ಅವನು ಗೆಳೆಯನ ಕೈಯಲ್ಲಿ ಆಣೆ ಮಾಡಿಸಿಕೊಂಡ, ಮಡಕೆ ತುಂಬಿಸುತ್ತೇನೆಂದು. ಯುಗಾದಿಗೆ ಮರಳಿ ಬಂದವನು ನೇರವಾಗಿ ತೋಟಕ್ಕೆ ಓಡಿದ. ಅಲ್ಲಿ ಒಂದೂ ಎಲೆಯಿಲ್ಲದ ಕಡ್ಡಿ ನಿಂತಿತ್ತು.

"ನೀರು ಹಾಕಿಲ್ಲ ಇವನು!" ಎಂದು ಗೆಳೆಯನನ್ನು ಹೊಡೆಯಲು ಹೋದ. "ದಿನಾ ನೋಡೀನಿ, ಆಣೆಗೂ ಹಾಕೀನಿ" ಎಂದು ಆ ಗೆಳೆಯನೂ ಅಳತೊಡಗಿದ. ಎಲೆ ಉದುರಿಸುವ ವಿಷಯವನ್ನು ನಾನೇ ಪಾಠ ಮಾಡಿದ್ದೆ. ಆದರೂ ಆ ಕಡ್ಡಿಯನ್ನು ನೋಡಿ ನನಗೂ ಧೈರ್ಯ ಬರಲಿಲ್ಲ.

ಗೇಟಿನ ಬಳಿ ಕುರಿ ಕಾಯುವ ತಾತ ನಿಂತಿದ್ದ. ಒಳಗೆ ಬಂದು ಕುಳಿತು, ಉಗುರಿನಿಂದ ಕಡ್ಡಿಯ ಸಿಪ್ಪೆಯನ್ನು ಚೂರು ಕೆರೆದ. ಒಳಗೆ ಹಸಿರು ಕಂಡಿತು.

"ಸತ್ತಿಲ್ಲಲೇ ಹುಡುಗಾ, ಮಲಗೈತೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಕಿತ್ತು ಹಾಕಬೇಡ್ರಿ ಮೇಷ್ಟ್ರೇ" ಎಂದ.

ರಜೆ ಬಂತು. ಅಡುಗೆ ಮಾಡುವ ಅವ್ವನ ಮನೆ ಶಾಲೆಯ ಪಕ್ಕದಲ್ಲಿಯೇ ಇತ್ತು. ಅವ್ವ ಗೇಟಿನ ಬೀಗದ ಕೈ ಇಟ್ಟುಕೊಂಡಳು. ವಾರಕ್ಕೊಮ್ಮೆ ಮೂವರು ಮಕ್ಕಳು ಬಂದು ಮಡಕೆ ತುಂಬಿಸಿದರು.

ಮರಳಿ ಜೂನ್ ಬಂದಾಗ ಎಣಿಸಿದೆವು. ಹದಿನೆಂಟರಲ್ಲಿ ಹದಿಮೂರು ಉಳಿದಿದ್ದವು. ಒಂದು ದಿನ ಗೇಟು ತೆರೆದಿದ್ದಾಗ ಮೇಕೆಗಳು ನುಗ್ಗಿ ಎರಡು ಬೇವು, ಒಂದು ನುಗ್ಗೆಯನ್ನು ಬುಡದವರೆಗೆ ತಿಂದಿದ್ದವು. ತಂಗಡಿ, ಸೀತಾಫಲಗಳನ್ನು ಮೂಸಿಯೂ ನೋಡಿರಲಿಲ್ಲ. ಎರೆ ಮಣ್ಣಿನಲ್ಲಿ ನೆಟ್ಟಿದ್ದ ಒಂದು ಸೀತಾಫಲ ಸೆಪ್ಟೆಂಬರ್ ಮಳೆಯಲ್ಲಿಯೇ ಕೊಳೆತು ಹೋಗಿತ್ತು. ಒಂದು ಹೊಂಗೆ ಏಕೆ ಒಣಗಿತೋ ತಿಳಿಯಲಿಲ್ಲ. ತಟ್ಟೆ ತೊಳೆಯುವ ಕಡೆಯ ದಾಸವಾಳವೂ ಸತ್ತಿತ್ತು. ಊಟವಿಲ್ಲದ ರಜೆಯಲ್ಲಿ ತಟ್ಟೆ ತೊಳೆದ ನೀರೂ ಇರುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕರಿಬೇವನ್ನು ಮಾತ್ರ ಅವ್ವ ತನ್ನ ಸಾರಿಗೆ ಬೇಕೆಂದು ಉಳಿಸಿಕೊಂಡಿದ್ದಳು.

ಸೀತಾಫಲದ ಹುಡುಗ ತನ್ನ ಗಿಡದ ಮುಂದೆ ಕುಳಿತು ಬೆರಳು ಮಡಿಚುತ್ತಾ ಏನನ್ನೋ ಎಣಿಸುತ್ತಿದ್ದ.

"ಎಷ್ಟಪ್ಪಾ?" ಎಂದು ಕೇಳಿದೆ.

"ಹನ್ನೊಂದು ಎಲೆ ಸಾರ್. ಇನ್ನೊಂದು ಬರ್ತಾ ಐತೆ."

ಪದಗಳ ಅರ್ಥ

ಎರೆ = ಕಪ್ಪು ಮಣ್ಣಿನ ನೆಲ
ಮಸಾರಿ = ಕೆಂಪು ಮಣ್ಣಿನ ನೆಲ
ಬದು = ಹೊಲದ ಅಂಚಿನ ದಿಬ್ಬ
ಬೀಳು = ಬಿತ್ತದೆ ಬಿಟ್ಟ ಹೊಲ
ಜಿನುಗು = ಸ್ವಲ್ಪ ಸ್ವಲ್ಪವಾಗಿ ಒಸರು
ಹದ ಮಳೆ = ಬಿತ್ತಲು, ನೆಡಲು ಸಾಕಾಗುವಷ್ಟು ಮಳೆ

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
1. ಮೊದಲ ವರ್ಷದ ಮೂವತ್ತು ಗಿಡಗಳು ಏಕೆ ಒಣಗಿದವು?
2. ಬಳ್ಳಾರಿ ಜಾಲಿ ಬರವನ್ನು ತಾಳುತ್ತದೆ. ಆದರೂ ಮಕ್ಕಳು ಅದನ್ನು ಏಕೆ ನೆಡಲಿಲ್ಲ?
3. ಲೋಳೆಸರ, ಬನ್ನಿ, ಸೀತಾಫಲ ಇವು ನೀರನ್ನು ಉಳಿಸುವ ರೀತಿ ಹೇಗೆ ಬೇರೆ ಬೇರೆ?
4. "ಸತ್ತಿಲ್ಲಲೇ ಹುಡುಗಾ, ಮಲಗೈತೆ." ಈ ಮಾತನ್ನು ಯಾರು, ಯಾವಾಗ ಹೇಳಿದರು? ಅವರಿಗೆ ಅದು ಹೇಗೆ ತಿಳಿಯಿತು?

ಆ) ಲೆಕ್ಕ ಮಾಡಿರಿ.
ಒಂದು ಮಡಕೆಗೆ 5 ಲೀಟರಿನಂತೆ 18 ಮಡಕೆಗಳಿಗೆ ಎಷ್ಟು ನೀರು ಬೇಕು? ಒಂದು ಕೊಡದಲ್ಲಿ 15 ಲೀಟರ್ ಹಿಡಿಯುವುದಾದರೆ ಎಷ್ಟು ಕೊಡ?

ಇ) ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.
ನಿಮ್ಮ ಊರಿನಲ್ಲಿ ಯಾರೂ ನೀರು ಹಾಕದೆ ಬೆಳೆದಿರುವ ಐದು ಗಿಡಗಳು ಯಾವುವು? ಅವುಗಳ ಕನ್ನಡ ಹೆಸರು, ತೆಲುಗು ಹೆಸರು ಎರಡನ್ನೂ ಬರೆಯಿರಿ. ಮೇಕೆ ತಿನ್ನುವ ಗಿಡಗಳ ಮುಂದೆ ಒಂದು ಗುರುತು ಹಾಕಿರಿ.