ನಾಟಕದ ಸಾವುಕಾರನಿಗೊಂದು ಪೈಪು

ನಮ್ಮ ಘೋಣಸಗಿಯಲ್ಲಿ ಒಮ್ಮೆ ಜಾತ್ರೆಯ ನಾಟಕಕ್ಕೆ ಸಾವುಕಾರನ ಬಾಯಲ್ಲಿಡಲು ಪೈಪು ಬೇಕಾಯಿತು. ಪೇಟೆಯಿಂದ ತಂದ ಪ್ಲಾಸ್ಟಿಕ್ಕಿನದು ಮಕ್ಕಳ ಆಟಿಗೆಯಂತೆ ಕಾಣುತ್ತಿತ್ತು. ಕೊಡಲಿ ಕಾವು, ಕುಡುಗೋಲಿನ ಹಿಡಿ ಮಾಡಿ ರೂಢಿಯಿದ್ದ ನಾನು, ಇಷ್ಟು ಸಣ್ಣ ಸಾಮಾನು ಒಂದು ರಾತ್ರಿಯ ಕೆಲಸವೆಂದು ಒಪ್ಪಿಕೊಂಡೆ. ಅಲ್ಲಿಂದ ಈವರೆಗೆ ಹದಿನಾಲ್ಕು ಪೈಪು ಮಾಡಿದ್ದೇನೆ. ನೆಟ್ಟಗಾದವು ಮೂರು.

ನಾನು ಸೇದುವವನಲ್ಲ. ದೊಡ್ಡಪ್ಪನ ಚಿಲುಮೆ, ಅದರ ಬೆನ್ನಿಗೇ ಬರುತ್ತಿದ್ದ ಕೆಮ್ಮು, ಎರಡನ್ನೂ ನೋಡುತ್ತ ಬೆಳೆದವನು. ತಂಬಾಕು ಮನುಷ್ಯನನ್ನು ಏನು ಮಾಡುತ್ತದೆಂದು ನನಗೆ ಬೇರೆ ಯಾರೂ ಹೇಳಬೇಕಿಲ್ಲ. ನನ್ನ ಪೈಪುಗಳು ನಾಟಕಕ್ಕೆ ಹೋಗುತ್ತವೆ, ಉಳಿದವು ಗೂಡಿನಲ್ಲಿರುತ್ತವೆ. ಆದರೆ ಮಾಡುವುದಾದರೆ ಸರಿಯಾಗಿ ಉಸಿರಾಡುವ ಪೈಪನ್ನೇ ಮಾಡಬೇಕೆಂಬ ಹಟ ಮೊದಲಿನಿಂದಲೂ ಇತ್ತು. ಕೆಟ್ಟವು ಕಲಿಸಿದ ಪಾಠಗಳು ಇವು.

1. ಹಸಿ ಕಟ್ಟಿಗೆಗೆ ಆಸೆಪಡಬಾರದು

ತಿಕೋಟಾ ಸುತ್ತಮುತ್ತ ದ್ರಾಕ್ಷಿ ತೋಟಗಳಿಗೆ ಬರವಿಲ್ಲ. ಹಳೆಯ ಬಳ್ಳಿ ಕಿತ್ತು ಹಾಕಿದ್ದ ಹೊಲವೊಂದರಿಂದ ತೋಳು ಗಾತ್ರದ ಬೊಡ್ಡೆ ತಂದೆ. ಅದರ ತಿರುಚು, ಗಂಟು ನೋಡಿಯೇ ಮರುಳಾಗಿದ್ದೆ. ನಾಲ್ಕು ದಿನ ಕೆತ್ತಿದೆ. ಎಂಟನೆಯ ದಿನ ತಂಬಾಕು ತುಂಬುವ ಬಟ್ಟಲಿನ ಅಂಚಿನಿಂದ ತಳದವರೆಗೆ ಕೂದಲೆಳೆಯಷ್ಟು ಸೀಳು, ಹದಿನೈದನೆಯ ದಿನ ಅದರೊಳಗೆ ಉಗುರು ತೂರುತ್ತಿತ್ತು.

ಯುರೋಪಿನವರು ಪೈಪಿಗೆ ಬಳಸುವ ಬ್ರಯರ್ ಎಂಬುದು ಮೆಡಿಟರೇನಿಯನ್ ಕಡೆಯ ಒಂದು ಪೊದೆಗಿಡದ ಬುಡದ ಗಂಟು. ಅದನ್ನು ತಾಸುಗಟ್ಟಲೆ ನೀರಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಉಳಿ ಹಚ್ಚುತ್ತಾರೆ. ಅಂಥ ಕಟ್ಟಿಗೆಗೇ ಅಷ್ಟು ಕಾಯುತ್ತಾರೆಂದ ಮೇಲೆ ನನ್ನ ಅವಸರಕ್ಕೆ ಅರ್ಥವಿರಲಿಲ್ಲ. ಈಗ ನಾನು ಹಿಡಿಯುವುದು ಬಳ್ಳಾರಿ ಜಾಲಿ. ಒಲೆಗೂ ಇದ್ದಿಲಿಗೂ ಹೋಗುವ ಈ ಮುಳ್ಳುಗಿಡದ ಹತ್ತಿರದ ಬಳಗವಾದ ಮೆಸ್ಕೀಟ್‌ನಿಂದ ಅಮೆರಿಕದಲ್ಲಿ ಪೈಪು ಮಾಡುವವರಿದ್ದಾರೆ. ಒಣಗುವಾಗ ಜಾಲಿ ಕುಗ್ಗುವುದು ಬಹಳ ಕಡಿಮೆ. ತುಂಡು ಕೊಯ್ದು, ಎರಡೂ ತುದಿಗೆ ಮೇಣ ಬಳಿದು, ನೆರಳಲ್ಲಿ ಒಂದು ವರ್ಷ ಇಡುತ್ತೇನೆ. ಆಮೇಲೂ ಕೆಲವು ಸೀಳುತ್ತವೆ.

2. ಮೊದಲು ತೂತು, ಆಮೇಲೆ ರೂಪ

ಇದನ್ನು ಕಲಿಯಲು ಐದು ಪೈಪು ಕಳೆದುಕೊಂಡೆ. ಹೊರಗಿನ ಆಕಾರವನ್ನೆಲ್ಲ ಕೆತ್ತಿ, ಉಪ್ಪು ಕಾಗದದಿಂದ ತಿಕ್ಕಿ, ಕೊನೆಗೆ ಬೈರಿಗೆ ಹಿಡಿಯುತ್ತಿದ್ದೆ. ದುಂಡಾದದ್ದನ್ನು ಯಾವ ಕಡೆಯಿಂದ ಹಿಡಿದರೂ ಜಾರುತ್ತದೆ. ಬೈರಿಗೆಯ ಮೊನೆ ಕಟ್ಟಿಗೆಯ ಎಳೆ ಹಿಡಿದು ತನ್ನ ದಾರಿಗೆ ಹೋಗುತ್ತದೆ. ಒಂದರಲ್ಲಿ ಅದು ಕತ್ತಿನ ಪಕ್ಕದಿಂದ ಹೊರಬಂತು. ಇನ್ನೊಂದರಲ್ಲಿ ಉಸಿರಿನ ತೂತು ಬಟ್ಟಲಿನ ತಳಕ್ಕಿಂತ ಐದು ಮಿಲಿಮೀಟರ್ ಮೇಲೆ ಬಾಯಿ ತೆರೆಯಿತು. ಹಾಗಾದರೆ ಕೆಳಗಿನ ಐದು ಮಿಲಿಮೀಟರ್ ತಂಬಾಕು ಎಂದೂ ಉರಿಯುವುದಿಲ್ಲ, ಅಲ್ಲಿ ಕರಿ ಜಿಡ್ಡು ನಿಲ್ಲುತ್ತದೆ.

ಊರಿನ ಬಡಿಗೇರ ಕಾಕಾ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ತಮ್ಮಾ, ಚೌಕ ಇದ್ದಾಗನ ತೂತ ಹೊಡಿ. ಚೆಂದ ಆಮ್ಯಾಲ ಮಾಡು" ಅಂದರು.

ಈಗ ನಾಲ್ಕೂ ಮೈ ಚೌಕ ಹೆರೆದ ತುಂಡಿನ ಪಕ್ಕದ ಮೇಲೆ ಪೈಪಿನ ಒಳಗನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಬಟ್ಟಲಿನ ಕುಳಿ 20 ಮಿಲಿಮೀಟರ್ ಅಗಲ, 36 ಆಳ. ಉಸಿರಿನ ತೂತು 4. ಬೈರಿಗೆಯ ಮೊನೆಯನ್ನು ಗೆರೆಯ ಮೇಲೆ ಮಲಗಿಸಿ, ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಅದಕ್ಕೊಂದು ಬಣ್ಣದ ಪಟ್ಟಿ ಸುತ್ತುತ್ತೇನೆ. ಕುಳಿಯ ತಳ ಮತ್ತು ಉಸಿರಿನ ತೂತು ಒಂದೇ ಮಟ್ಟದಲ್ಲಿ ಕೂಡಿದವೋ ಇಲ್ಲವೋ ಎಂದು ನೋಡಿದ ಮೇಲೆಯೇ ಗರಗಸ. ಒಳಗು ತಪ್ಪಿದರೆ ಅಲ್ಲಿಗೇ ಬಿಡುತ್ತೇನೆ, ಹೊರಗಿನ ಹತ್ತು ತಾಸಿನ ಕೆಲಸ ಉಳಿಯುತ್ತದೆ.

3. ಗೋಡೆಗೆ ಕಂಜೂಸಿ ಬೇಡ

ನಾಜೂಕು ಕಾಣಲೆಂದು ಒಮ್ಮೆ ಬಟ್ಟಲಿನ ಗೋಡೆಯನ್ನು ಒಂದು ಸೂತಿಗೆ, ಅಂದರೆ ಮೂರು ಮಿಲಿಮೀಟರಿಗೆ, ಇಳಿಸಿದ್ದೆ. ಒಳಗೊಂದು ಕೆಂಡ ಇಟ್ಟು ಪರೀಕ್ಷಿಸಿದಾಗ ಹೊರಗೆ ಬೆರಳಿಡಲಾಗಲಿಲ್ಲ, ಸ್ವಲ್ಪ ಹೊತ್ತಿಗೆ ಕಂದು ಕಲೆ ಎದ್ದಿತು. ಈಗ ಏಳೆಂಟು ಮಿಲಿಮೀಟರ್ ಬಿಡುತ್ತೇನೆ, ತಳಕ್ಕೆ ಇನ್ನೊಂದು ಹೆಚ್ಚು.

4. ಅಳತೆಪಟ್ಟಿ ಸರಿ ಎಂದರೂ ಕಣ್ಣು ಒಪ್ಪಬೇಕು

ಆ ಜಾತ್ರೆಗೆ ಕೊನೆಗೂ ಕೊಟ್ಟ ಪೈಪಿನ ಕಥೆ ಇದು. ತೂತು ಸರಿಯಿತ್ತು, ಗೋಡೆ ದಪ್ಪವಿತ್ತು. ನೋಡಲು ಮಾತ್ರ ಕುಡಿಕೆಗೆ ಕಡ್ಡಿ ಚುಚ್ಚಿದಂತಿತ್ತು. ಪಾತ್ರಧಾರಿ ಹಲ್ಲಲ್ಲಿ ಕಚ್ಚಿದರೆ ಬಟ್ಟಲು ಕೆಳಗೆ ಜಗ್ಗುತ್ತಿತ್ತು, ಮಾತು ತೊದಲುತ್ತಿತ್ತು. ಎರಡನೆಯ ಅಂಕಕ್ಕೆ ಅವನು ಅದನ್ನು ಕೈಯಲ್ಲೇ ಹಿಡಿದ. ಮರುದಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 110 ಗ್ರಾಂ. ಬಾಯಲ್ಲಿ ನಿಲ್ಲಬೇಕಾದ ಪೈಪು 40, 50 ಗ್ರಾಮಿನ ಆಸುಪಾಸಿನಲ್ಲಿರಬೇಕು.

'ಬಿಲಿಯರ್ಡ್' ಎಂಬ ಹಳೆಯ ಮಾದರಿಯಲ್ಲಿ ಬಟ್ಟಲಿನ ಎತ್ತರ ಎಷ್ಟೋ ಕತ್ತಿನ ಉದ್ದವೂ ಅಷ್ಟೇ. ಈ ಒಂದು ಲೆಕ್ಕ ನನ್ನ ಕೆಲಸವನ್ನು ಬಹಳ ಸುಧಾರಿಸಿತು. ಆದರೂ ಕೊನೆಯ ತೀರ್ಪಿಗೆ ಸಂಜೆ ಬಿಸಿಲು ಬೀಳುವಾಗ ಸುಣ್ಣ ಬಳಿದ ಗೋಡೆಯ ಎದುರು ಪೈಪು ಹಿಡಿದು ನೆರಳು ನೋಡುತ್ತೇನೆ. ನೆರಳಿನಲ್ಲಿ ಕಟ್ಟಿಗೆಯ ಬಣ್ಣವಿಲ್ಲ, ಎಳೆಯ ಚೆಂದವಿಲ್ಲ. ಬಟ್ಟಲಿನ ಹೊಟ್ಟೆ ಎಲ್ಲಿ ಉಬ್ಬಿದೆ, ಕತ್ತು ಎಲ್ಲಿ ಕುಸಿದಿದೆ, ಅಷ್ಟೇ ಕಾಣುತ್ತದೆ.

ಎಲ್ಲ ಪೈಪಿಗೂ ಒಂದೇ ಲೆಕ್ಕವಲ್ಲ ಎನ್ನುವುದಕ್ಕೆ ನಮ್ಮ ಜಿಲ್ಲೆಯದೇ ಸಾಕ್ಷಿಯಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ದರ್ಬಾರಿಗೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್, ತಂಬಾಕನ್ನು ಕಂಡದ್ದು ಬಿಜಾಪುರದಲ್ಲಿ. 1604ರ ಸುಮಾರಿಗೆ ಅದರ ಜೊತೆ ಒಂದು ಪೈಪನ್ನೂ ಸಿದ್ಧಪಡಿಸಿ ಬಾದಶಹನಿಗೆ ಒಯ್ದ. ನಳಿಗೆ ಮೂರು ಮೊಳ ಉದ್ದ, ಎರಡೂ ತುದಿಗೆ ಹರಳು, ಮೀನಾಕಾರಿ. ಬಾಯಿಗಿಡುವ ತುದಿ ಯೆಮನ್ನಿನ ಅಕೀಕದ್ದು, ಜೊತೆಗಿದ್ದ ಹೊತ್ತಿಸುವ ಸಾಧನ ಬಂಗಾರದ್ದು. ಅಕ್ಬರ ಎರಡು ಮೂರು ಸಲ ಎಳೆದ, ಹಕೀಮ ಬೇಡವೆಂದು ತಡೆದ. ಮೂರು ಮೊಳ ಅಂದಾಗ ನನಗೆ ಮೊದಲು ಬರೀ ಆಡಂಬರ ಅನಿಸಿತ್ತು. ನಳಿಗೆ ಉದ್ದವಾದಷ್ಟೂ ಹೊಗೆ ತಣಿಯುತ್ತದೆ ಎಂಬುದು ಹೊಳೆದದ್ದು ಕೆಲಸ ಮಾಡುತ್ತ ಮಾಡುತ್ತ. ಕೈಯಲ್ಲಿ ಹಿಡಿದು ಕೂತು ಸೇದುವುದಕ್ಕೆ ಆ ಉದ್ದ, ಹಲ್ಲಲ್ಲಿ ಕಚ್ಚುವುದಕ್ಕೆ ಗೇಣಿಗಿಂತ ಕಡಿಮೆ.

5. ಸಿಳ್ಳು ಬಂದರೆ ಸಂದು ಇದೆ

ಎಬೊನೈಟ್ ಎಂಬ ಗಟ್ಟಿ ರಬ್ಬರಿನ ನಳಿಗೆಯ ಮೂತಿ ಕತ್ತಿನೊಳಗೆ ಪೂರ್ತಿ ಕೂರಬೇಕು. ನಾನು ಗಟ್ಟಿ ಕೂತರೆ ಸಾಕೆಂದು ಬಲವಾಗಿ ತುರುಕಿ ಎರಡು ಕತ್ತು ಸೀಳಿದೆ. ಸೀಳದವುಗಳಲ್ಲಿ ಒಳಗೆ ಸಂದು ಉಳಿದಿತ್ತು. ಈಗ ಖಾಲಿ ಪೈಪನ್ನು ಬಾಯಿಗಿಟ್ಟು ಮೆಲ್ಲಗೆ ಉಸಿರೆಳೆಯುತ್ತೇನೆ. ಸಣ್ಣ ಸಿಳ್ಳು ಕೇಳಿದರೆ ಗಾಳಿ ಎಲ್ಲೋ ಸುಳಿಯುತ್ತಿದೆ. ಒಂದೊಂದೇ ಸಲ ಅರ ಆಡಿಸುತ್ತೇನೆ, ಮತ್ತೆ ಎಳೆಯುತ್ತೇನೆ. ಸದ್ದು ನಿಲ್ಲುವವರೆಗೆ ಇದೇ ಕೆಲಸ.

6. ವಾರ್ನಿಷ್ ಡಬ್ಬಿ ದೂರವಿರಲಿ

ಬಿಸಿಗೆ ವಾರ್ನಿಷ್ ಗುಳ್ಳೆ ಏಳುತ್ತದೆ. ಹೊರಗೆ ತೆಳುವಾಗಿ ಜೇನುಮೇಣ ತಿಕ್ಕಿದರೆ ಸಾಕು, ಒಳಗೆ ಏನೂ ಬೇಡ.

7. ಕೆಟ್ಟದ್ದನ್ನು ಸೀಳಿ ನೋಡಬೇಕು

ಮೊದಲೆಲ್ಲ ಕೆಟ್ಟ ಪೈಪುಗಳನ್ನು ನಾಚಿಕೆಯಿಂದ ಒಲೆಗೆ ಹಾಕುತ್ತಿದ್ದೆ. ಆರನೆಯದು ಯಾಕೆ ಉಸಿರು ಹಿಡಿಯುತ್ತದೆಂದು ತಿಳಿಯದೆ, ಸಣ್ಣ ಗರಗಸದಿಂದ ಉದ್ದಕ್ಕೆ ಎರಡು ಹೋಳು ಮಾಡಿದೆ. ತೂತು ನಟ್ಟನಡುವೆ ಒಂದು ಕಡೆ ಸೊಟ್ಟ ಹೋಗಿ, ಗೋಡೆ ಕಾಗದದಷ್ಟು ಉಳಿದಿತ್ತು. ಹೊರಗಿನಿಂದ ನೂರು ಸಲ ನೋಡಿದರೂ ಕಾಣದ್ದು ಅಲ್ಲಿ ಬಯಲಾಗಿತ್ತು. ಅಂದಿನಿಂದ ಸೀಳಿದ ಹೋಳುಗಳನ್ನು ಕಿಟಕಿಯ ಪಡಿಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಹೊಸ ತುಂಡಿಗೆ ಗೆರೆ ಹಾಕುವ ಮೊದಲು ಅವುಗಳ ಮೇಲೊಮ್ಮೆ ಬೆರಳಾಡಿಸುತ್ತೇನೆ. ಮೊನ್ನೆ ಹದಿನಾಲ್ಕನೆಯದೂ ಅಲ್ಲಿಗೇ ಹೋಯಿತು.